ಗರಿಕೆಯ ಬೇರು

ಗರಿಕೆಯನ್ನು ಪೂಜೆಗೆಂದು ಕೊಯ್ಯದವರು ನಮ್ಮಲ್ಲಿ ವಿರಳ. ಅದರ ಬೇರನ್ನು ಕೊನೆಯವರೆಗೆ ನೋಡಿದವರು ಎಷ್ಟು ಮಂದಿ? ನಾನಂತೂ ನೋಡದೆಯೇ ಪಾಠ ಹೇಳಿದವನು. 1994ರಲ್ಲಿ ಒಂದು ದಿನ, ಹುಲ್ಲಿನ ಬೇರು ಗೇಣಿಗಿಂತ ಕೆಳಗೆ ಇಳಿಯದೆಂದು ತರಗತಿಯಲ್ಲಿ ಸಾರಿದೆನು. ಹಿಂದಿನ ಸಾಲಿನ ರೈತರ ಹುಡುಗನೊಬ್ಬನು, "ಇಲ್ಲ ಮೇಷ್ಟ್ರೇ, ನಮ್ಮ ಬಾವಿ ತೋಡುವಾಗ ಎದೆಮಟ್ಟದಲ್ಲೂ ಗರಿಕೆಬೇರು ಸಿಕ್ಕಿತು" ಎಂದನು. ಎದುರಾಡಿದನೆಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು.

ನಿವೃತ್ತನಾಗಿ ಬಸ್ತಿಹಳ್ಳಿಗೆ ಬಂದ ಮೇಲೆ ಹಿತ್ತಲಲ್ಲಿ ಕಳೆ ಕೀಳುತ್ತಿದ್ದಾಗ ಆ ಮಾತು ನೆನಪಾಯಿತು. ಕೈಯಿಂದ ಎಳೆದರೆ ಬಂದುದು ಗೇಣುದ್ದವೇ. ಆದರೆ ತುದಿಗಳೆಲ್ಲ ಹರಿದಿದ್ದವು! ಅದರಲ್ಲಿಯೂ ಗಂಟುಗಂಟಾದ ಬಿಳಿಯ ಭಾಗವು ಬೇರೇ ಅಲ್ಲ, ಮಣ್ಣಿನೊಳಗೆ ಹರಿಯುವ ಕಾಂಡ. ಬೇರಿಗೆ ಗಿಣ್ಣಿರುವುದಿಲ್ಲ. ದೂರ್ವೆಗೆ ಅಮರಸಿಂಹನು 'ಶತಪರ್ವಿಕಾ' ಎಂಬ ಹೆಸರನ್ನೂ ಹೇಳಿರುವನು. ನೂರು ಗಿಣ್ಣುಳ್ಳದ್ದು ಎಂದರ್ಥ. ಇದನ್ನು ಎಷ್ಟೋ ವರ್ಷ ಮಕ್ಕಳಿಗೆ ಕಂಠಪಾಠ ಮಾಡಿಸಿದವನು ನಾನೇ.

ಆಮೇಲೆ ಹಾರೆ ಗುದ್ದಲಿ ಹಿಡಿದು, ಗಿಡದ ಮಗ್ಗುಲಲ್ಲಿ ಗುಂಡಿ ತೋಡಿ, ಅದರ ಗೋಡೆಯನ್ನು ಕಡ್ಡಿಯಿಂದ ಮೆಲ್ಲನೆ ಕೆರೆಯುತ್ತ ಹೋದೆನು. ಅಮೆರಿಕದ ನೆಬ್ರಾಸ್ಕದ ವೀವರ್ ಪಂಡಿತನು ಹುಲ್ಲುಗಾವಲುಗಳಲ್ಲಿ ಹೀಗೆಯೇ ಅಗೆದು ನೋಡಿ 1919ರಲ್ಲಿ ಗ್ರಂಥ ಪ್ರಕಟಿಸಿದನು. ಮೂರಡಿಯ ಕೆಳಗೂ ನನಗೆ ದಾರದಂತಹ ಬೇರು ಕಂಡಿತು. ಈ ಕ್ರಮದಲ್ಲಿ ಬೇರಿನ ಆಳವೂ ದಿಕ್ಕೂ ತಿಳಿಯುತ್ತವೆ. ನವುರಾದ ಎಳೆಗಳು ಮಾತ್ರ ಕೈಗೆ ಹತ್ತುವುದಿಲ್ಲ.

ಅವುಗಳಿಗಾಗಿ ಮಣ್ಣಿನ ಹೆಂಟೆಯನ್ನು ನೆನೆಹಾಕಿ ಜರಡಿಯಲ್ಲಿ ತೊಳೆದೆನು. (ಅದು ರಾಗಿಹಿಟ್ಟಿನ ಜರಡಿಯೆಂಬುದು ಮನೆಯಾಕೆಗೆ ತಿಳಿದಾಗ ಆದ ಸಂಭಾಷಣೆ ಇಲ್ಲಿ ಅಪ್ರಸ್ತುತ.) ಎಳೆಗಳು ದೊರೆತವು, ಯಾವುದು ಎಲ್ಲಿತ್ತೆಂಬುದು ನೀರಿನೊಡನೆ ಹೋಯಿತು. ಇದಕ್ಕಾಗಿ ತಜ್ಞರು ಮೊಳೆ ಬಡಿದ ಹಲಗೆಯನ್ನು ಮಣ್ಣಿಗೆ ಒತ್ತಿ, ಬೇರು ಕದಲದಂತೆ ತೊಳೆಯುವರು. 1937ರಲ್ಲಿ ಡಿಟ್‌ಮರ್ ಎಂಬವನು ಪೆಟ್ಟಿಗೆಯಲ್ಲಿ ಬೆಳೆದ ನಾಲ್ಕು ತಿಂಗಳ ಒಂದೇ ರೈ ಗಿಡದ ಬೇರುಗಳನ್ನು ತೊಳೆದು ಅಳೆದು, ಒಟ್ಟು ಉದ್ದ ಸುಮಾರು 620 ಕಿಲೋಮೀಟರೆಂದು ಲೆಕ್ಕ ಹಾಕಿದನು. ಇಲ್ಲಿಂದ ಬೆಂಗಳೂರಿಗೆ ಹೋಗಿಬಂದರೂ ಇನ್ನೂ ಮಿಗುವುದು!

ಮೊಮ್ಮಗಳಿಗೆ ಮೆಚ್ಚಿಕೆಯಾದುದು ಗಾಜಿನ ಪೆಟ್ಟಿಗೆ. ಜರ್ಮನಿಯ ಸ್ಯಾಕ್ಸನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂಥದನ್ನು ಬಳಸಿದ್ದನು. ಗಾಜನ್ನು ಓರೆಯಾಗಿಟ್ಟು ಕಪ್ಪು ಬಟ್ಟೆ ಮುಚ್ಚಿದೆವು. ಗಾಜಿಗೆ ತಾಗಿದ ಬೇರಷ್ಟೇ ಕಾಣುವುದೆಂಬುದು ದೋಷವೇ ಸರಿ. ಆದರೂ ನಿನ್ನೆಗಿಂತ ಇಂದು ಇಷ್ಟು ಬೆಳೆದಿದೆಯೆಂದು ತೋರಿಸಿದುದು ಅದೊಂದೇ.

ಆ ಹುಡುಗನು ಈಗ ನಲವತ್ತು ದಾಟಿದ ಗೃಹಸ್ಥ. ಮೊನ್ನೆ ಬಸದಿಯ ಬಳಿ ಸಿಕ್ಕಿದಾಗ ಕರೆತಂದು, ಗುಂಡಿಯನ್ನು ತೋರಿಸಿ, "ಅಂದು ನೀನು ಹೇಳಿದ್ದೇ ಸರಿಯಪ್ಪಾ, ತಪ್ಪು ನನ್ನದು" ಎಂದೆನು. ಅವನು ಬಗ್ಗಿ ಬಹಳ ಹೊತ್ತು ನೋಡಿದನು. "ನನಗೆ ಬೆಂಚು ನೆನಪಿದೆ ಮೇಷ್ಟ್ರೇ, ಯಾಕೆಂಬುದು ಮರೆತಿತ್ತು" ಎಂದನು. ಆಮೇಲೆ ಗುದ್ದಲಿ ತೆಗೆದುಕೊಂಡು, "ಕತ್ತಲಾಯಿತು, ದನ ಬಿದ್ದೀತು" ಎನ್ನುತ್ತ ತಾನೇ ಮಣ್ಣೆಳೆಯತೊಡಗಿದನು.