ಘಟ್ಟ ಇಳಿದ ಅಂಬಾಸಿಡರ್‌ನೊಳಗೆ ನೀರು

ಆಗುಂಬೆಯಿಂದ ಉಡುಪಿಗೆ ಇಳಿಯುವವರು ಸೂರ್ಯಾಸ್ತದ ಕಟ್ಟೆಯ ಬಳಿ ನಿಲ್ಲುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ತಿರುವುಗಳನ್ನು ಎಣಿಸುತ್ತಾ ಸೋಮೇಶ್ವರ ಸೇರುತ್ತಾರೆ. ಇಷ್ಟು ಸಣ್ಣ ದಾರಿಯಲ್ಲಿ ಹವೆಯೇ ಬೇರೆಯಾಗುವುದನ್ನು ಗಮನಿಸುವವರು ಕಡಿಮೆ. ಏಸಿ ಹಾಕಿದ ಹಳೆಯ ಕಾರಿನಲ್ಲಿ ಇಳಿದರೆ ಮಾತ್ರ ಗಮನಿಸದೆ ವಿಧಿಯಿಲ್ಲ. ಅದು ಕಾಲ ಮೇಲೇ ತೊಟ್ಟಿಕ್ಕುತ್ತದೆ.

ನನ್ನ ಸ್ನೇಹಿತರೊಬ್ಬರ ಬಳಿ ಎಪ್ಪತ್ತರ ದಶಕದ ಅಂಬಾಸಿಡರ್ ಇದೆ. ಡ್ಯಾಶ್‌ಬೋರ್ಡಿನ ಕೆಳಗಿನ ಏಸಿ ಪೆಟ್ಟಿಗೆ ಆಮೇಲೆ ಕೂರಿಸಿದ್ದು. ಶಿವಮೊಗ್ಗದಲ್ಲಿ ಸುಮ್ಮನಿರುವ ಅದು ಹೆಬ್ರಿ ಬರುವಷ್ಟರಲ್ಲಿ ಮ್ಯಾಟನ್ನೆಲ್ಲ ಒದ್ದೆ ಮಾಡುತ್ತಿತ್ತು. ಗ್ಯಾರೇಜೊಂದರಲ್ಲಿ ‘ಗ್ಯಾಸ್ ಲೀಕ್’ ಎಂದು ಎರಡು ಸಲ ಗ್ಯಾಸ್ ತುಂಬಿಸಿ ದುಡ್ಡು ತೆಗೆದುಕೊಂಡಿದ್ದರು. ಗ್ಯಾಸ್ ಸೋರಿದರೆ ಹವೆಯಲ್ಲಿ ಸೇರಿಹೋಗುತ್ತದೆಯೇ ಹೊರತು ಮ್ಯಾಟಿನ ಮೇಲೆ ನಿಲ್ಲುವುದಿಲ್ಲ. ನಿಂತದ್ದು ಕರಾವಳಿಯ ಗಾಳಿಯೊಳಗಿನ ನೀರು.

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 20 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. 32 ಡಿಗ್ರಿಯಲ್ಲಿ 34 ಗ್ರಾಂ. ಉಡುಪಿಯ ಮಧ್ಯಾಹ್ನದಲ್ಲಿ ಸಾಪೇಕ್ಷ ಆರ್ದ್ರತೆ ಶೇ. 75 ಎಂದಿಟ್ಟುಕೊಂಡರೂ 25 ಗ್ರಾಂ ಆಯಿತು. ಆ ಗಾಳಿ ಏಸಿಯ ಕಾಯಿಲ್ ತಾಗಿ 10 ಡಿಗ್ರಿಗೆ ತಣಿದರೆ ಉಳಿಯುವುದು ಒಂಬತ್ತು ಚಿಲ್ಲರೆ ಗ್ರಾಂ. ಮಿಕ್ಕದ್ದು ಹನಿಯಾಗಲೇಬೇಕು, ತಣ್ಣೀರಿನ ಲೋಟ ಹೊರಗೆ ಬೆವರುವಂತೆ. ಬಾಗಿಲ ರಬ್ಬರು ಸವೆದ ಕಾರಿನೊಳಗೆ ಗಂಟೆಗೆ 60 ಘನಮೀಟರ್ ಹೊರಗಾಳಿ ನುಗ್ಗಿತೆನ್ನಿ, ಹತ್ತಿರ ಹತ್ತಿರ ಒಂದು ಲೀಟರ್ ನೀರು!

ಇದನ್ನು ಹಿಡಿಯಲು ಕಾಯಿಲ್ ಕೆಳಗೆ ಟ್ರೇ ಇರುತ್ತದೆ, ಅದರಿಂದ ಕಾರಿನ ಅಡಿಗೆ ಒಂದು ರಬ್ಬರ್ ಕೊಳವೆ. ಕೊಳವೆ ಕಟ್ಟಿದರೆ ಟ್ರೇ ತುಂಬುತ್ತದೆ. ಘಟ್ಟದಲ್ಲಿ ಕಾರಿನ ಮೂತಿ ಕೆಳಗಾಗಿ, ಒಂದೊಂದು ತಿರುವಿಗೂ ನೀರು ತುಳುಕುತ್ತದೆ. ಉಡುಪಿಯ ಮೆಕ್ಯಾನಿಕ್ ಒಬ್ಬರು ಪೆಟ್ಟಿಗೆ ಬಿಚ್ಚದೆಯೇ, ‘ಗ್ಯಾಸ್ ಎಲ್ಲ ಸರಿ ಉಂಟು ಮಾರಾಯ್ರೆ, ಪೈಪ್ ಬ್ಲಾಕ್’ ಎಂದು ಕೆಳಗಿನಿಂದ ತಂತಿ ಆಡಿಸಿದರು. ಮಣ್ಣಿನ ಉಂಡೆಯೊಂದು ಉದುರಿತು, ಹಿಂದೆಯೇ ನೀರು. ಕೊಳವೆ ಎಲ್ಲೂ ಮೇಲಕ್ಕೆ ಬಾಗದಂತೆ ಕಟ್ಟಿಕೊಟ್ಟರು.

ಆಮೇಲೆ ಅವರು ಮ್ಯಾಟ್ ಎತ್ತಿ ತೋರಿಸಿದ್ದೇ ಮುಖ್ಯ. ತಗಡು ಕೆಂಪಾಗಿತ್ತು. ಅಂಬಾಸಿಡರ್‌ಗೆ ಬೇರೆ ಚಾಸಿಸ್ ಇಲ್ಲ. ನೆಲದ ತಗಡೂ ಕಾರಿನ ಬಲದ ಒಂದು ಭಾಗ. ಉತ್ತರಪಾರದ ಕಾರ್ಖಾನೆಯಲ್ಲಿ ತಯಾರಿಕೆ 2014ರಲ್ಲೇ ನಿಂತಿದೆ. ಹೀಗಿರುವಾಗ ನೆಲವನ್ನು ಒಣಗಿಸಿ, ತುಕ್ಕು ಉಜ್ಜಿ, ಪ್ರೈಮರ್ ಬಳಿಯದೆ ಬರೀ ಮ್ಯಾಟ್ ಬದಲಿಸುವುದು ದಂಡ.

ಗಾಜಿನ ವಿಷಯವೂ ಇದೆ, ಅದು ಜೀವದ ಪ್ರಶ್ನೆ. ಆಗುಂಬೆಯ ಮಂಜಿನಲ್ಲಿ ನಮ್ಮ ಉಸಿರು ಗಾಜಿನ ಒಳಗೆ ಕಟ್ಟುತ್ತದೆ. ಏಸಿ ಹಾಕಿದರೆ ಒಳಗಾಳಿ ಒಣಗಿ ತಿಳಿಯಾಗುತ್ತದೆ. ಘಟ್ಟ ಇಳಿದ ಮೇಲೆ ಇದು ತಿರುಗುಮುರುಗು. ಮೇಲೆ ಹೇಳಿದ ಹವೆಯಲ್ಲಿ ಗಾಜು ಸುಮಾರು 27 ಡಿಗ್ರಿಗಿಂತ ತಣ್ಣಗಾದರೆ ಸಾಕು, ಹೊರಗೇ ಇಬ್ಬನಿ ಕಟ್ಟುತ್ತದೆ. ಚಾಲಕ ಒಳಗೆ ಬಟ್ಟೆಯಿಂದ ಎಷ್ಟು ಒರೆಸಿದರೂ ದಾರಿ ಕಾಣದು. ವೈಪರ್ ಹಾಕಬೇಕು, ತಣ್ಣನೆ ಗಾಳಿ ಗಾಜಿಗೆ ಬೀಸದಂತೆ ತಿರುಗಿಸಬೇಕು.

ಪರ್ಕಳ ಬರುತ್ತಲೇ ಸ್ನೇಹಿತರು ಈಗ ಏಸಿ ನಿಲ್ಲಿಸಿ ಬ್ಲೋವರ್ ಮಾತ್ರ ಬಿಡುತ್ತಾರೆ. ಉಡುಪಿ ಮುಟ್ಟುವಷ್ಟರಲ್ಲಿ ಕಾಯಿಲ್ ಒಣಗುತ್ತದೆ, ಹುಳಿ ವಾಸನೆ ಇಲ್ಲ. ಕಾರಿನಡಿ ಬೀಳುವ ಹನಿ ನೋಡಿ ಅವರ ಮೊಮ್ಮಗ, ‘ಇದು ಡಿಸ್ಟಿಲ್ಡ್ ವಾಟರ್ ಅಲ್ವಾ ಸರ್, ಬ್ಯಾಟರಿಗೆ ಹಾಕಬಹುದಾ?’ ಎಂದ. ಪ್ರಶ್ನೆ ಸರಿಯಾದದ್ದೇ. ಆದರೆ ಕಾಯಿಲ್ ಮೇಲಿನ ಧೂಳು, ಲೋಹದ ಕಣ ಅದರಲ್ಲಿ ಸೇರಿರುತ್ತವೆ. ಬ್ಯಾಟರಿಗೂ ಬೇಡ, ಕುಡಿಯಲೂ ಬೇಡ. ಅಂಗಳದ ಗಿಡಕ್ಕೆ ಹಾಕು ಎಂದೆ.