ಮಸೂರು ಸ್ಟೇಷನ್ನಿನ ಎರಡು ಎತ್ತು



ಹದಿನೈದು ದಿನದಿಂದ ರಾತ್ರಿ ಕೂತು ಎತ್ತುಗಳಿಗೆ ಬಣ್ಣ ಹಚ್ತಾ ಇದ್ದೀನಿ. ಎತ್ತು ಅಂದ್ರೆ 16 ಮಿಲಿಮೀಟರ್ ಎತ್ತರದ ಪ್ಲಾಸ್ಟಿಕ್ ಎತ್ತು. ಏಪ್ರಿಲ್ 14ಕ್ಕೆ ನಮ್ಮ ಕೇರಿಯ ಮಕ್ಕಳಿಗೆ ಒಂದು ಮಾಡೆಲ್ ರೈಲು ತಯಾರಾಗ್ತಿದೆ: ಸಾತಾರಾ ಜಿಲ್ಲೆಯ ಮಸೂರು ಸ್ಟೇಷನ್, 1901.

ಯಾಕೆ ಮಸೂರು? 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಗೊತ್ತು. ಗೋರೆಗಾಂವ್‌ನಲ್ಲಿ ಕೆಲಸಕ್ಕಿದ್ದ ಅಪ್ಪನನ್ನು ನೋಡೋಕೆ ಬಾಲಕ ಭೀಮರಾವ್, ಅಣ್ಣ, ಅಕ್ಕನ ಮಕ್ಕಳು ಹೊಸ ಬಟ್ಟೆ ಹಾಕ್ಕೊಂಡು ಅಲ್ಲಿ ಇಳಿದರು. ಮಹಾರ್ ಅಂತ ತಿಳಿದದ್ದೇ ಸ್ಟೇಷನ್ ಮಾಸ್ಟರ್ ಮುಖ ಬದಲಾಯ್ತು. ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಷರತ್ತು ಏನು? ಬಾಡಿಗೆ ಎರಡರಷ್ಟು, ಗಾಡಿ ಹೊಡೆಯೋದು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬರ್ತಾನೆ.

ಅದು ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್ ಹಳಿ. ಆ ಕಂಪನಿಯ ಕೇಂದ್ರ ಕಚೇರಿ ಇದ್ದದ್ದು ನಮ್ಮ ಧಾರವಾಡದಲ್ಲಿ. ನಮ್ಮ ಮಾಡೆಲ್ 87ರಲ್ಲಿ ಒಂದು ಪಾಲು, ಮೀಟರ್ ಅಗಲದ ಹಳಿ ಇಲ್ಲಿ 12 ಮಿಲಿಮೀಟರ್.

ನಮಗೆ ಸಿಕ್ಕ ಡಬ್ಬಿಯಲ್ಲಿ ಇದ್ದದ್ದೆಲ್ಲ ಯುರೋಪಿನ ಹಸು. ಬೆನ್ನು ಸಪಾಟು, ಕೊಂಬು ಮೋಟು. ನಮಗೆ ಬೇಕಾದ್ದು ಆ ಸೀಮೆಯ ಖಿಲಾರಿ. ಎಂ-ಸೀಲ್ ಮೆತ್ತಿ ಡುಬ್ಬ ಮಾಡಿದೆ, ತಾಮ್ರದ ತಂತಿ ಬಗ್ಗಿಸಿ ಕೊಂಬು ಅಂಟಿಸಿದೆ. ಬರೀ ಬಿಳಿ ಹಚ್ಚಿದ್ರೆ ಸುಣ್ಣದ ಗೊಂಬೆ ಥರ ಕಾಣುತ್ತೆ. ಬಿಳಿಗೆ ಚೂರು ಬೂದಿ, ಚೂರು ಕಂದು ಬೆರೆಸಬೇಕು. ಒಣಗಿದ ಮೇಲೆ ನೀರಾದ ಕಪ್ಪು ಬಣ್ಣ ಬಿಟ್ಟು ಒರೆಸಿದ್ರೆ ಪಕ್ಕೆಲುಬು, ಗಂಗೆದೊಗಲಿನ ಮಡಿಕೆ ಎದ್ದು ಬರುತ್ತೆ.

ಪಕ್ಕದಲ್ಲಿ ಕೂತಿದ್ದ ಐದನೇ ಕ್ಲಾಸಿನ ಹುಡುಗಿ ಕೇಳಿದಳು: "ಅಣ್ಣಾ, ಹಗ್ಗ ಹಿಡಿದಿರೋದು ಮಕ್ಕಳು ತಾನೆ? ಎತ್ತಿಗೆ ಮೈಲಿಗೆ ಆಗಲ್ವಾ?"

ಆಗಲ್ಲ ಪುಟ್ಟಾ. ಎತ್ತು ಹಗ್ಗ ಎಳೆದ ಕಡೆ ಹೋಯ್ತು. ಮೈಲಿಗೆ ಇದ್ದದ್ದು ನೆಲದ ಮೇಲೆ ನಡೀತಿದ್ದವನ ತಲೆಯಲ್ಲಿ.

ಮೂಲೆಯಲ್ಲಿ ಒಂದು ಗುಂಡಿಯೂ ಇದೆ. ದಾರಿಯಲ್ಲಿ ಊಟಕ್ಕೆ ಕೂತಾಗ ಮಕ್ಕಳಿಗೆ ಸಿಕ್ಕಿದ್ದು ದನಗಳ ಸಗಣಿ, ಗಂಜಲ ಸೇರಿದ ಕೆಸರು ನೀರು. ಕುಡಿಯೋಕಾಗದೆ ಬುತ್ತಿಯನ್ನು ಅರ್ಧಕ್ಕೇ ಕಟ್ಟಿಟ್ಟರು. ಅದೇ ಹುಡುಗ ದೊಡ್ಡವನಾಗಿ 1927ರಲ್ಲಿ ಮಹಾಡದ ಚೌದಾರ್ ಕೆರೆಗೆ ಇಳಿದು ನೀರು ಕುಡಿದದ್ದು. ಗುಂಡಿಗೆ ಕಂದು ಬಣ್ಣ ಹಚ್ಚಿ ಮೇಲೆ ವಾರ್ನಿಷ್ ಬಿಟ್ಟಿದ್ದೀನಿ, ಒದ್ದೆ ಕಾಣ್ಲಿ ಅಂತ.

ಒಬ್ಬ ಗೆಳೆಯ ಹೇಳಿದ: "ಆ ಗಾಡಿಯವನನ್ನೂ ಗಾಡಿ ಮೇಲೆ ಕೂರಿಸಿಬಿಡಿ ಸಾರ್, ನೋಡೋಕೆ ಚೆನ್ನಾಗಿರುತ್ತೆ. ಮಕ್ಕಳಿಗೆ ಯಾಕೆ ಈ ಕಹಿ?"

ಆವತ್ತು ಭೀಮರಾವ್‌ಗೆ ಇದೇ ಹುಡುಗಿಯ ವಯಸ್ಸು. ಅನುಭವಿಸೋಕೆ ಸಾಕಾದ ವಯಸ್ಸು, ತಿಳಿಯೋಕೆ ಸಾಲದೆ? ಇವತ್ತಿಗೂ ಹೆಸರು ಕೇಳಿ, ಆಮೇಲೆ ಊರು ಕೇಳಿ, ಆಮೇಲೆ ಬಾಡಿಗೆ ಮನೆ ಇಲ್ಲ ಅನ್ನೋರು ಇದ್ದಾರೆ. ಅವರೂ ಆ ಗಾಡಿ ಪಕ್ಕದಲ್ಲೇ ನಡೀತಿರೋರು.

ಗಾಡಿಯವನ ಕಾಲಿಗೆ ಫೆವಿಕ್ವಿಕ್ ಹಾಕಿ ನೆಲಕ್ಕೇ ಅಂಟಿಸಿದ್ದೀನಿ. ಬನ್ನಿ, ಮಕ್ಕಳನ್ನೂ ಕರ್ಕೊಂಡು ಬನ್ನಿ. ಅವರು ಕೇಳೋ ಪ್ರಶ್ನೆಗೆ ಉತ್ತರ ಕೊಡೋಕೆ ರೆಡಿಯಾಗಿ ಬನ್ನಿ.

ಜೈ ಭೀಮ್.