ಪುರಾವೆ ಕೇಳಿದ ದಿನಗಳು

ಅಕ್ಟೋಬರ್ 14, ಮೆಲ್ಬರ್ನ್

ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆಯಾದ ಎನ್‌ಡಿಐಎಸ್‌ಗೆ ಪುರಾವೆ ತೂಗಿ ಸಲಹೆ ಕೊಡಲು ನೇಮಕವಾದ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿದೆ. ಯಾವ ಥೆರಪಿಗೆ, ಯಾವ ಸಾಧನಕ್ಕೆ ಸರ್ಕಾರದ ಹಣ ಸಲ್ಲಬೇಕು ಅನ್ನುವ ಪ್ರಶ್ನೆ. ಊಟದ ಹೊತ್ತಿಗೆ ಸಹೋದ್ಯೋಗಿಗಳೆಲ್ಲ ಸಿಡಿಮಿಡಿಗೊಂಡಿದ್ದರು. ಖರ್ಚು ಇಳಿಸೋಕೆ ಹೊಸ ದಾರಿ ಹುಡುಕಿದ್ದಾರೆ ಅಂತ ಒಬ್ಬಳು, ಉತ್ತರ ಮೊದಲೇ ಬರೆದಿಟ್ಟು ಆಮೇಲೆ ನಮ್ಮನ್ನು ಕೇಳ್ತಾರೆ ಅಂತ ಇನ್ನೊಬ್ಬ.

ಈ ಭಯ ಎಲ್ಲಿಂದ ಬಂತು ಅನ್ನುವುದು ಗೊತ್ತಿದೆ. 2024ರ ನವೆಂಬರಿನಲ್ಲಿ ಸಂಗೀತ ಮತ್ತು ಚಿತ್ರಕಲಾ ಥೆರಪಿಗೆ ಕೊಡುತ್ತಿದ್ದ ಹಣಕ್ಕೆ ಕತ್ತರಿ ಹಾಕುವ ಪ್ರಕಟಣೆ ಬಂದಾಗ ಅಪ್ಪ ಅಮ್ಮಂದಿರು ಎಷ್ಟು ಕಂಗೆಟ್ಟಿದ್ದರು! ಕೂಗೆದ್ದ ಮೇಲೆ ಆರೋಗ್ಯ ಅರ್ಥಶಾಸ್ತ್ರಜ್ಞ ಸ್ಟೀಫನ್ ಡಕೆಟ್ ಅವರಿಗೆ ಪರಿಶೀಲನೆ ಒಪ್ಪಿಸಬೇಕಾಯಿತು. ಮೊದಲು ಕೇಳಿ ಆಮೇಲೆ ತೀರ್ಮಾನಿಸಬೇಕಾದದ್ದು ತಲೆಕೆಳಗಾಗಿತ್ತು.

ಆದರೂ ಪುರಾವೆ ಕೇಳುವುದೇ ಅನ್ಯಾಯ ಎಂಬ ಮಾತಿಗೆ ನಾನು ತಲೆಯಾಡಿಸಲಾರೆ. ಈ ಯೋಜನೆಯ 2013ರ ಕಾಯ್ದೆಯ 34ನೇ ಸೆಕ್ಷನ್ನಿನಲ್ಲೇ ಇದೆ: ಕೊಡುವ ನೆರವು ಆ ವ್ಯಕ್ತಿಗೆ ಪರಿಣಾಮಕಾರಿಯೂ ಪ್ರಯೋಜನಕಾರಿಯೂ ಆಗಿರಬೇಕು, ಈಗಿನ ಒಳ್ಳೆಯ ರೂಢಿಯನ್ನು ಗಮನಿಸಿ ಅದನ್ನು ನಿರ್ಧರಿಸಬೇಕು. ಏಳು ಲಕ್ಷಕ್ಕೂ ಹೆಚ್ಚು ಜನ ಈ ಯೋಜನೆಯನ್ನು ನೆಚ್ಚಿಕೊಂಡಿದ್ದಾರೆ. ನನ್ನ ಸಂಬಳವೂ ಅಲ್ಲಿಂದಲೇ ಬರುತ್ತದೆ. ನಾನು ಮಾಡುವ ಕೆಲಸ ಫಲ ಕೊಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಋಣ ನನ್ನ ಮೇಲಿದೆ.

ಅಕ್ಟೋಬರ್ 17

ಸಂಜೆ ಟಾರ್ನೀಟ್‌ನ ಕನ್ನಡದ ಮನೆಯೊಂದಕ್ಕೆ ಹೋಗಿದ್ದೆ. ಹುಡುಗನಿಗೆ ಒಂಬತ್ತು ವರ್ಷ, ಆಟಿಸಂ ಇದೆ, ಬಾಯಲ್ಲಿ ನಾಲ್ಕೈದು ಪದ. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಮುಟ್ಟಿ ಹೇಳಬೇಕಾದ್ದನ್ನು ಹೇಳುವುದು ನಾನು ಕಲಿಸುವ ಪಾಠ. ಸಂಗೀತ ಥೆರಪಿಸ್ಟ್ ಬೇರೆ ಬರುತ್ತಾಳೆ.

ಮೊದಲು ಆ ಮನೆಯಲ್ಲಿ ಹಲ್ಲುಜ್ಜಿಸಬೇಕಾದರೆ ಅಪ್ಪ ಕೈ ಹಿಡಿದುಕೊಳ್ಳಬೇಕಿತ್ತು, ಅಮ್ಮ ಬ್ರಷ್ ಹಿಡಿಯಬೇಕಿತ್ತು. ದಿನಾ ಅಳು. ಥೆರಪಿಸ್ಟ್ ಬಂದವಳು ಮೊದಲು ಕೇಳಿದ್ದು, ಇವನು ತಾನಾಗಿ ಗುನುಗುವ ರಾಗ ಯಾವುದು ಅಂತ. ಅಜ್ಜಿ ತೊಟ್ಟಿಲ ಹತ್ತಿರ ಹಾಡುತ್ತಿದ್ದ ಜೋಗುಳದ ಧಾಟಿ. ಅದನ್ನೇ ನಾಲ್ಕು ಸಾಲು ಮಾಡಿದಳು. ಒಂದು ಸಾಲಿಗೆ ಬಾಯಿಯ ಒಂದು ಮೂಲೆ. ಸಾಲು ಮುಗಿದರೆ ಬ್ರಷ್ ಆಚೆ ಬರಲೇಬೇಕು, ಇನ್ನೊಂದು ಸಲ ಉಜ್ಜುವ ಹಾಗೇ ಇಲ್ಲ. ಇದು ಯಾವಾಗ ಮುಗಿಯುತ್ತದೆ ಎಂಬುದು ಹುಡುಗನಿಗೆ ಮೊದಲ ಸಲ ತಿಳಿಯುವಂತಾಯಿತು. ಈಗ ಕೊನೆಯ ಸಾಲಿನ ಹೊತ್ತಿಗೆ ತಾನೇ ಸಿಂಕಿನ ಅಂಚು ತಟ್ಟಿ ತಾಳ ಹಾಕುತ್ತಾನೆ.

ತಾಯಿ ಅಡುಗೆಮನೆಯ ಗೋಡೆಯಿಂದ ಊರಿನ ಕ್ಯಾಲೆಂಡರ್ ಬಿಚ್ಚಿ ತಂದರು. ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲೇ ಬಾಲ್‌ಪೆನ್ನಿನ ಗುರುತುಗಳು. ಇಬ್ಬರು ಹಿಡಿದ ದಿನ ಕತ್ತರಿ, ಒಬ್ಬರೇ ಉಜ್ಜಿಸಿದ ದಿನ ಸೊನ್ನೆ. ಮಾರ್ಚಿನ ಹಾಳೆ ತುಂಬಾ ಕತ್ತರಿ. ಆಗಸ್ಟಿನಲ್ಲಿ ಸೊನ್ನೆಯೇ ಹೆಚ್ಚು.

“ಅಕ್ಕಾ, ಇದನ್ನ ಪ್ರೂಫ್ ಅಂತಾರಾ?”

ಆ ನಡುವೆ ಬೇರೆ ಏನಾದರೂ ಬದಲಾಯಿತಾ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು, “ಪೇಸ್ಟೂ ಬದಲಾಯಿಸಿದ್ವಿ. ಪುದೀನ ಖಾರ ಇಲ್ಲದ್ದು.”

ಸಮಿತಿಗೆ ಕಳಿಸುವ ಅಭಿಪ್ರಾಯದಲ್ಲಿ ಪೇಸ್ಟಿನ ಸಂಗತಿಯನ್ನೂ ಬರೆಯೋಣ ಎಂದೆ. ಅದರಿಂದ ನಮ್ಮ ವಾದ ಸಡಿಲವಾಗುತ್ತದಲ್ಲ ಎಂದು ಅವರಿಗೆ ಅಳುಕು. ಬರೆಯದೆ ಬಿಟ್ಟರೆ ನಮ್ಮ ಉಳಿದ ಮಾತನ್ನು ನಂಬುವವರು ಯಾರು?

ಅಕ್ಟೋಬರ್ 19

ರಾತ್ರಿ ಕೂತು ಓದಿದೆ. 2017ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ: ಆಸ್ಟ್ರೇಲಿಯಾವೂ ಸೇರಿ ಒಂಬತ್ತು ದೇಶ, ನಾಲ್ಕರಿಂದ ಏಳು ವರ್ಷದ 364 ಮಕ್ಕಳು, ಐದು ತಿಂಗಳ ಸಂಗೀತ ಥೆರಪಿ. ಆಟಿಸಂನ ಸಾಮಾಜಿಕ ಲಕ್ಷಣಗಳನ್ನು ಅಳೆಯುವ ಮಾಪಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಇಷ್ಟಕ್ಕೇ ಪುಸ್ತಕ ಮುಚ್ಚಿದವರು ‘ಪ್ರಯೋಜನವಿಲ್ಲ’ ಅನ್ನುತ್ತಾರೆ. 2022ರ ಕಾಕ್ರೇನ್ ಪರಾಮರ್ಶೆ 26 ಅಧ್ಯಯನಗಳನ್ನು, 1,165 ಜನರನ್ನು ಒಟ್ಟಿಗೆ ನೋಡಿತು. ಬೆರೆಯುವ ವಿಷಯದಲ್ಲಿ ಅಲ್ಲೂ ಸ್ಪಷ್ಟ ಲಾಭ ಸಿಗಲಿಲ್ಲ. ಆದರೆ ಒಟ್ಟಾರೆ ಸುಧಾರಣೆಯ ಸಾಧ್ಯತೆ ಹೆಚ್ಚುತ್ತದೆ, ಜೀವನದ ಗುಣಮಟ್ಟ ತುಸು ಏರುತ್ತದೆ ಎಂಬುದಕ್ಕೆ ತಕ್ಕಮಟ್ಟಿನ ಆಧಾರ ಸಿಕ್ಕಿತು.

ನಾನು ಬರೆಯಬೇಕಾದ್ದು ಇದೇ. ಮಗು ಬೇರೆಯವರೊಡನೆ ಎಷ್ಟು ಬೆರೆಯಿತು ಎಂದು ಅಳೆದರೆ ಒಂದು ಉತ್ತರ, ಅದರ ದಿನ ಎಷ್ಟು ಹಗುರವಾಯಿತು ಎಂದು ಅಳೆದರೆ ಇನ್ನೊಂದು. ಮೊದಲನೆಯದನ್ನು ಆ ಹುಡುಗನೂ ಕೇಳಿಲ್ಲ, ಅವನ ತಾಯಿಯೂ ಕೇಳಿಲ್ಲ. ಏನನ್ನು ಅಳೆಯಬೇಕು ಎಂದು ಹೇಳುವ ಹಕ್ಕು ಅಂಗವೈಕಲ್ಯದೊಡನೆ ಬದುಕುವವರಿಗೆ ಮೊದಲು ಸಿಗಬೇಕು. ಅಳತೆ ಬಿಗಿಯಾಗಿರಲಿ, ಅದಕ್ಕೆ ನನ್ನ ತಕರಾರಿಲ್ಲ.

ಅಕ್ಟೋಬರ್ 23

ಇವತ್ತು ಸಹೋದ್ಯೋಗಿಯೊಬ್ಬ ಅಂದ, “ಮನೆಯವರ ಕಣ್ಣಿಗೆ ಕಂಡರೆ ಸಾಕು, ಅದೇ ಪುರಾವೆ.” ಈ ಊರಿನಲ್ಲಿ ಕೂತು ಆ ಮಾತು ಆಡಬಾರದು. 1970ರ ದಶಕದಲ್ಲಿ ಇಲ್ಲಿನ ಸೇಂಟ್ ನಿಕೊಲಸ್ ಆಸ್ಪತ್ರೆಯಲ್ಲಿ ರೋಸ್‌ಮೇರಿ ಕ್ರಾಸ್ಲಿ ಶುರುಮಾಡಿದ ವಿಧಾನದಲ್ಲಿ, ಮಾತಿಲ್ಲದವರ ಕೈಗೆ ಆಸರೆ ಕೊಟ್ಟು ಅಕ್ಷರ ತೋರಿಸುವಂತೆ ಮಾಡುತ್ತಿದ್ದರು. ಜನರನ್ನು ಮೂಲೆಗೆ ತಳ್ಳಿದ್ದ ಆ ಸಂಸ್ಥೆಯೊಳಗೆ, ಇವರಿಗೂ ಮನಸ್ಸಿದೆ ಎಂದು ಆಕೆ ಪಟ್ಟುಹಿಡಿದದ್ದು ದೊಡ್ಡದು. ಆದರೆ 1990ರ ದಶಕದ ಮೊದಲಲ್ಲಿ ಪರೀಕ್ಷೆ ನಡೆದಾಗ, ಕೈ ಹಿಡಿದವರಿಗೆ ಒಂದು ಚಿತ್ರ, ಮಾತಿಲ್ಲದವರಿಗೆ ಇನ್ನೊಂದು ಚಿತ್ರ ತೋರಿಸಿದರೆ, ಮೂಡುತ್ತಿದ್ದ ಹೆಸರು ಕೈ ಹಿಡಿದವರು ಕಂಡ ಚಿತ್ರದ್ದು. ಅವರು ಯಾರೂ ಮೋಸಗಾರರಲ್ಲ. ಪ್ರೀತಿಯಿಂದಲೇ ಮಾಡುತ್ತಿದ್ದರು, ತಮ್ಮ ಕೈಯೇ ಬರೆಯುತ್ತಿದೆ ಎಂಬುದು ಅವರಿಗೇ ತಿಳಿದಿರಲಿಲ್ಲ. ನನ್ನ ಕಸುಬೇ ಮಾತು ಕೊಡುವುದು. ಬೇರೆಯವರ ಮಾತನ್ನು ಒಂದು ಮಗುವಿನ ಬಾಯಿಗೆ ಹಚ್ಚಿಬಿಡುವುದಕ್ಕಿಂತ ದೊಡ್ಡ ಅಪಚಾರ ನನಗೆ ಕಾಣುವುದಿಲ್ಲ.

ರಾತ್ರಿ ಊರಿನಿಂದ ಅಮ್ಮನ ಫೋನು. ನೆಂಟರ ಮನೆಯವರು ಮೊಮ್ಮಗನ ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಮಾಡಿಸಲು ತೋಟ ಅಡ ಇಟ್ಟಿದ್ದಾರಂತೆ. ಆಟಿಸಂಗೆ ಅದನ್ನು ಶಿಫಾರಸು ಮಾಡುವ ಹಾಗಿಲ್ಲ ಎಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಯ ಸಮಿತಿ 2022ರಲ್ಲೇ ಹೇಳಿದೆ. ಆ ಮಾತು ಅವರ ಹಟ್ಟಿಯ ಬಾಗಿಲವರೆಗೆ ಬರಲೇ ಇಲ್ಲ. ಹೇಳುವವರಿಲ್ಲದ ಕಡೆ ಮಾರುವವರು ಬೇಗ ತಲುಪುತ್ತಾರೆ. ನಾಳೆ ಅವರಿಗೆ ನಾನೇ ಫೋನ್ ಮಾಡಬೇಕು.

ಅಕ್ಟೋಬರ್ 30

ಸಮಿತಿಗೆ ಬರೆದು ಕಳಿಸಿದೆವು. ತಾಯಿ ಕನ್ನಡದಲ್ಲಿ ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ಇಳಿಸಿದೆ, ಮತ್ತೆ ಕನ್ನಡದಲ್ಲಿ ಓದಿ ಒಪ್ಪಿಗೆ ಪಡೆದೆ. ಕ್ಯಾಲೆಂಡರಿನ ಗುರುತುಗಳನ್ನು ತಿಂಗಳುವಾರು ಎಣಿಸಿ ಸೇರಿಸಿದೆವು. ಪೇಸ್ಟೂ ಹೋಯಿತು. ಸಣ್ಣ ಗುಂಪುಗಳ ಮೇಲೆ ದೊಡ್ಡ ಅಧ್ಯಯನ ಮಾಡಲು ಯಾರೂ ಹಣ ಹಾಕದಿದ್ದಾಗ, ಪುರಾವೆ ದುರ್ಬಲ ಎಂಬ ಕಾರಣಕ್ಕೆ ಅದೇ ಗುಂಪಿನ ನೆರವು ನಿಲ್ಲಿಸಬೇಡಿ, ಮೊದಲು ಆ ಅಧ್ಯಯನ ಮಾಡಿಸಿ ಎಂದು ನನ್ನ ಭಾಗದಲ್ಲಿ ಬರೆದಿದ್ದೇನೆ.

ಕೊನೆಗೆ ಇನ್ನೇನಾದರೂ ಸೇರಿಸಬೇಕಾ ಎಂದು ತಾಯಿಯನ್ನು ಕೇಳಿದೆ. “ಬೇಡ ಅಂತ ತೀರ್ಮಾನ ಆದರೆ, ಅದರ ಬದಲು ಏನು ಸಿಗುತ್ತೆ, ಯಾವ ತಾರೀಖಿನಿಂದ ಅಂತ ಮೊದಲೇ ಹೇಳಲಿ. ಅವನಿಗೆ ಹೊಸದಕ್ಕೆ ಒಗ್ಗೋಕೆ ತಿಂಗಳುಗಟ್ಟಲೆ ಬೇಕು,” ಎಂದರು. ಒಂದಕ್ಷರ ಬದಲಿಸದೆ ಅನುವಾದಿಸಿ ಅದನ್ನೇ ಮೊದಲ ಪ್ಯಾರಾ ಮಾಡಿದೆ.